ಎರಡನೆಯ ಅತ್ತೆ

ಮನೆಯ ಮೇಲಿನ ತಗಡಿನ ಶೀಟುಗಳನ್ನು ಕಂಪನಿಯವರು ಬಿಚ್ಚಿಸಿದ ದಿನ ಏಣಿ ಹಿಡಿದು ನಿಂತವಳು ಸೊಸೆ. ಆ ಶೀಟುಗಳನ್ನು ಹಾಕಿಸಿದವಳೂ ಅವಳೇ. ಮದುವೆಯಾಗಿ ಬಂದಾಗಿನಿಂದ ಸೋರುವ ಜೊಂಡಿನ ಸೂರಿನ ಕೆಳಗೆ ಪಾತ್ರೆ ಇಟ್ಟು ಇಟ್ಟು ಬೇಸತ್ತಿದ್ದಳು. ಕೊನೆಗೆ ಮೀನು ಹೆಚ್ಚುವ ಶೆಡ್ಡಿನಲ್ಲಿ ಕೂಲಿಗೆ ನಿಂತು, ಮಂಜುಗಡ್ಡೆಯಲ್ಲಿ ಬೆರಳು ಮರಗಟ್ಟಿಸಿಕೊಂಡು, ಒಂದೊಂದೇ ಶೀಟು ತಂದು ಮಾಡು ಮುಚ್ಚಿಸಿದ್ದಳು. ಈಗ ಕಂಪನಿಯ ಆಳುಗಳು ಅವನ್ನು ಧಡಾರನೆ ಅಂಗಳಕ್ಕೆ ಎಸೆಯುತ್ತಿದ್ದರು.

ಅತ್ತೆ ಮರದ ಬುಡದಲ್ಲಿ ಚಾಪೆ ಹೆಣೆಯುತ್ತ ಕೂತಿದ್ದಳು. ಅವಳ ಮುಖದಲ್ಲಿ ಹಬ್ಬದ ಕಳೆ.

"ನಾನು ಅವತ್ತೇ ಬಡ್ಕೊಂಡೆ. ತಗಡು ಬೇಡ, ಜೊಂಡೇ ಇರಲಿ ಅಂತ. ನನ್ನ ಮಾತು ಯಾರಿಗೆ ಬೇಕಿತ್ತು? ಈಗ ನೋಡು, ಸಮುದ್ರ ದಾಟಿ ಬಂದೋರಿಗೆ ನನ್ನ ಮಾತೇ ಸರಿ ಅನ್ನಿಸ್ತು."

"ಅವರು ಬಂದು ಕೂತು ಎದ್ದು ಹೋಗ್ತಾರೆ ಅತ್ತೆ. ಮಳೆ ಬಂದಾಗ ಪಾತ್ರೆ ಇಡೋಳು ನಾನು."

"ಇಡು. ಮತ್ತೆ ಇನ್ಯಾತಕ್ಕೆ ನಿನ್ನ ತಂದಿದ್ದು?"

ಮನೆಯ ಮುಂದಿನ ಕೆರೆ ಸಣ್ಣದಲ್ಲ. ಈ ದಡದಲ್ಲಿ ನಿಂತರೆ ಆ ದಡದ ಮನೆಗಳು ಕಾಳಿನಷ್ಟು ಕಾಣುತ್ತಿದ್ದವು. ದಡದ ಉದ್ದಕ್ಕೂ ಆಳೆತ್ತರದ ಜೊಂಡು. ಹೊರದೇಶದ ಕಂಪನಿಯೊಂದು ಸರಕಾರದಿಂದ ಈ ದಡವನ್ನು ಗುತ್ತಿಗೆಗೆ ಹಿಡಿದು ಪ್ರವಾಸಿಗರಿಗೆ ಕುಟೀರಗಳನ್ನು ಕಟ್ಟಿತು. ಹಕ್ಕಿಗಳು ಗೂಡು ಕಟ್ಟುವ ಜಾಗವೆಂದು ಜೊಂಡಿಗೆ ತಂತಿಬೇಲಿ ಎಳೆಯಿತು. ಮೋಟಾರು ದೋಣಿಯ ಸದ್ದಿಗೆ ಹಕ್ಕಿಗಳು ಬೆದರುತ್ತವೆಂದು ಮೋಟಾರು ನಿಲ್ಲಿಸಿತು. ದಡದ ಜನ ಮೊದಮೊದಲು ಸಭೆ ಸೇರಿದರು. "ಹಕ್ಕಿಗೆ ಜಾಗ ಬೇಕು, ಒಪ್ಪಿದೆವು. ನಾವೇನು ಮರದ ಮೇಲೆ ಗೂಡು ಕಟ್ಟೋಣವಾ?" ಎಂದು ಕೂಗಾಡಿದರು. ಕಂಪನಿ ಒಬ್ಬೊಬ್ಬರನ್ನೇ ಕರೆದು ಕೆಲಸ ಕೊಟ್ಟಿತು. ಸಭೆಗೆ ಬರುವವರು ಕಮ್ಮಿಯಾದರು, ಸಮವಸ್ತ್ರ ಹಾಕಿದವರು ಜಾಸ್ತಿಯಾದರು. ಅತ್ತೆಯ ಮಗನೂ ತನ್ನ ದೋಣಿಯ ಮೋಟಾರು ಬಿಚ್ಚಿ ಮೂಲೆಗಿಟ್ಟು, ಕಂಪನಿಯ ಹಸಿರು ಅಂಗಿ ತೊಟ್ಟು, ಅತಿಥಿಗಳನ್ನು ಕೂರಿಸಿಕೊಂಡು ಹುಟ್ಟು ಹಾಕತೊಡಗಿದ.

ಕಂಪನಿಯ ಪರವಾಗಿ ಎಲ್ಲ ನೋಡಿಕೊಳ್ಳುತ್ತಿದ್ದವನು ಒಬ್ಬ ಮೇಲ್ವಿಚಾರಕ. ಪಟ್ಟಣದವನು. ಬೈಯುವುದನ್ನೂ ಬೆಲ್ಲ ಹಚ್ಚಿ ಹೇಳುತ್ತಿದ್ದುದರಿಂದ ದಡದವರು ಅವನಿಗೆ 'ಸಕ್ಕರೆ' ಎಂದು ಹೆಸರಿಟ್ಟಿದ್ದರು. ಅತಿಥಿಗಳಿಗೆ ತೋರಿಸಲು ಒಂದು 'ಅಪ್ಪಟ ಮನೆ' ಬೇಕೆಂದು ಅವನು ದಡವೆಲ್ಲ ತಿರುಗಿ, ಕೊನೆಗೆ ಈ ಮನೆಯನ್ನು ಆರಿಸಿದ. ನೀರಿಗೆ ಹತ್ತಿರ, ದೊಡ್ಡ ಅಂಗಳ, ಚಾಪೆ ಹೆಣೆಯುವ ಮುದುಕಿ. ತಗಡು ಹೋಗಬೇಕು, ಟೀವಿ ಒಳಗೆ ಹೋಗಬೇಕು, ಪ್ಲಾಸ್ಟಿಕ್ ಬಕೆಟ್ಟು ಕಣ್ಣಿಗೆ ಬೀಳಬಾರದು. ಇಷ್ಟೇ ಷರತ್ತು. ಮಗನಿಗೆ ದೋಣಿಯ ಕೆಲಸ ಖಾಯಂ, ಸೊಸೆಗೂ ಸಂಬಳ.

"ಮನೇಲಿ ಇರೋದಕ್ಕೆ ಸಂಬಳ ಕೊಡ್ತಾರಂತೆ. ಇನ್ನೇನು ಬೇಕು?" ಎಂದ ಮಗ.

"ತಗಡು ಬೇಕು," ಎಂದಳು ಸೊಸೆ.

"ಗಂಜಿ ಹಾಕು," ಎಂದ ಮಗ. ಮನೆಯಲ್ಲಿ ಯಾವ ಜಗಳ ಬಂದರೂ ಅವನ ತೀರ್ಪು ಅದೊಂದೇ.

ಅತಿಥಿಗಳು ಬರತೊಡಗಿದರು. ಎಲ್ಲ ನೆಟ್ಟಗೆ ನಡೆಯಿತು. ಮಗ ದೋಣಿಯಲ್ಲಿ ಕರೆತರುವನು, ಅವರು ಅಂಗಳದ ಚಾಪೆಗಳ ಮೇಲೆ ಮಂಡಿ ಮಡಚಲು ಒದ್ದಾಡುತ್ತ ಕೂರುವರು. ಅತ್ತೆ ಹೆಣೆಯುವಳು, ಸೊಸೆ ಒಲೆಯ ಮುಂದೆ ಸೌಟು ಆಡಿಸುವಳು. ಅಡುಗೆ ಮಾತ್ರ ಅಲ್ಲಿಯದಲ್ಲ. ಈ ಮನೆಯ ನೀರು ಕುಡಿದು ಅತಿಥಿಗಳ ಹೊಟ್ಟೆ ಕೆಟ್ಟರೆ ಯಾರು ಹೊಣೆ ಎಂದು ಊಟವನ್ನು ಕುಟೀರಗಳ ಅಡುಗೆಮನೆಯಲ್ಲೇ ಮಾಡಿ, ಮುಚ್ಚಿದ ಡಬ್ಬಿಗಳಲ್ಲಿ ಹಿಂಬಾಗಿಲಿಂದ ತಂದು ಮಣ್ಣಿನ ಮಡಕೆಗೆ ಸುರಿಯುತ್ತಿದ್ದರು. ಸೊಸೆ ಅದನ್ನು ತಿರುವಬೇಕು, ಹಣೆಯ ಬೆವರು ಒರೆಸಿಕೊಳ್ಳಬೇಕು, ಬಡಿಸಬೇಕು.

ಅತ್ತೆಯ ಬಾಯಿ ಅತಿಥಿಗಳ ಮುಂದೆಯೂ ನಿಲ್ಲುತ್ತಿರಲಿಲ್ಲ.

"ನೋಡಿ ಇವಳನ್ನ. ಬೇರೆಯವರು ಬೇಯಿಸಿದ್ದನ್ನ ತಿರುವೋಕೂ ಬರಲ್ಲ. ಹೆತ್ತಿದ್ದೂ ಒಂದೇ, ಅದೂ ಹೆಣ್ಣು. ಇವಳ ಅಪ್ಪ ನನ್ನ ತಲೆಗೆ ಕಟ್ಟಿ ಕೈ ತೊಳ್ಕೊಂಡ."

ಭಾಷೆ ತಿರುಗಿಸಿ ಹೇಳಲು ಕಂಪನಿ ಇಟ್ಟಿದ್ದ ಹುಡುಗನಿಗೆ ಮನೆಯವರು 'ಗಿಣಿ' ಎನ್ನುತ್ತಿದ್ದರು. ಗಿಣಿ ಗಂಟಲು ಸರಿಮಾಡಿಕೊಂಡು ಅವರ ಭಾಷೆಯಲ್ಲಿ ಏನೋ ಹೇಳುವನು. ಅತಿಥಿಗಳು ಸೊಸೆಯ ಕಡೆ ತಿರುಗಿ ಕರಗಿದ ಮುಖದಿಂದ ತಲೆಯಾಡಿಸುವರು. ಶಾಲೆಯಲ್ಲಿ ಆ ಭಾಷೆ ಕಲಿತಿದ್ದ ಮೊಮ್ಮಗಳು ಬಾಗಿಲ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಅವನು ಏನು ಹೇಳಿದ ಗೊತ್ತಾ ಅಮ್ಮ? 'ಈ ಸೊಸೆ ನನಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗಿಂತ ಹೆಚ್ಚು' ಅಂತ ಅಜ್ಜಿ ಹೇಳ್ತಿದ್ದಾರಂತೆ!"

ಸೊಸೆ ನಗಲಿಲ್ಲ. ಬೈಗುಳ ಅವಳಿಗೆ ಹೊಸದಲ್ಲ. ಜನರೆದುರು ಬೈಸಿಕೊಳ್ಳುವುದೂ ಹೊಸದಲ್ಲ. ಆದರೆ ಬೈಸಿಕೊಳ್ಳುವಾಗ ನಗುತ್ತಿರಬೇಕಾದದ್ದು ಹೊಸದು. ನಗದಿದ್ದರೆ ಸಕ್ಕರೆ ಪಕ್ಕಕ್ಕೆ ಕರೆದು, "ಸ್ವಲ್ಪ ಮುಖ ಅರಳಿಸಿ ತಾಯಿ, ಅಷ್ಟು ದೂರದಿಂದ ಬಂದಿದ್ದಾರೆ," ಎನ್ನುತ್ತಿದ್ದ.

ಉಳಿದ ಊಟ ವಾಪಸು ಹೋಗಬೇಕೆಂಬುದು ನಿಯಮ. ಒಂದು ಮಧ್ಯಾಹ್ನ ಸೊಸೆ ಶಾಲೆಯಿಂದ ಹಸಿದು ಬಂದ ಮಗಳಿಗೆ ಮಡಕೆಯಿಂದ ಒಂದು ತುಂಡು ಮೀನು ತೆಗೆದು ಕೊಟ್ಟಳು. ಅತ್ತೆ ನೋಡಿಯೂ ನೋಡದಂತೆ ಇದ್ದಳು. ಮಾರನೇ ದಿನ ಸಕ್ಕರೆ ಬಂದಾಗ ಚಾಪೆಯಿಂದ ತಲೆ ಎತ್ತದೆ, "ನಿಮ್ಮ ಪಾತ್ರೆಗೆ ಒಂದು ಬೀಗ ಹಾಕಿಸಿ ಸ್ವಾಮಿ. ಈ ಮನೇಲಿ ಬೆಕ್ಕು ಎರಡು ಕಾಲಲ್ಲಿ ನಡೆಯುತ್ತೆ," ಎಂದಳು.

ಸಕ್ಕರೆ ನಕ್ಕ. ಡಬ್ಬಿ ಹೊರುವ ಆಳುಗಳು, ಬೇಲಿಯ ಕಾವಲುಗಾರ ಎಲ್ಲರೂ ಅಲ್ಲೇ ಇದ್ದರು. "ಹಸಿವಾದರೆ ಕೇಳಿ ತಾಯಿ," ಎಂದ ಸೊಸೆಗೆ. "ಕೇಳಿದರೆ ಇಲ್ಲ ಅಂತೀವಾ? ತೆಗೆದುಕೊಳ್ಳಬೇಡಿ." ಅಂದಿನಿಂದ ಕಾವಲುಗಾರ ದಿನಾ ಡಬ್ಬಿಗಳ ಜೊತೆಗೆ ಅವಳ ಸ್ವಂತ ಪಾತ್ರೆಗಳನ್ನೂ ಇಣುಕಿ ನೋಡುವ ಪದ್ಧತಿಯಾಯಿತು.

"ಮೊಮ್ಮಗಳ ತಟ್ಟೆಯ ತುಂಡಿಗೆ ಚಾಡಿ ಹೇಳೋಕೆ ಮನಸ್ಸು ಹೇಗೆ ಬಂತು ನಿಮಗೆ?" ಸಂಜೆ ಸೊಸೆ ಕೇಳಿದಳು. 

"ತುಂಡಿಗಲ್ಲ ಕಣೇ, ಕೈಗೆ. ಇವತ್ತು ಅವರ ಮಡಕೆ, ನಾಳೆ ನನ್ನ ಪೆಟ್ಟಿಗೆ."

"ನಿಮ್ಮ ಪೆಟ್ಟಿಗೇಲಿ ಏನಿದೆ? ನಾಲ್ಕು ಹರಕು ಬಟ್ಟೆ."

"ಹರಕಾದರೂ ನನ್ನವು. ನೀನು ಉಟ್ಟಿರೋದು ಕಂಪನಿದು."

"ಇಬ್ಬರೂ ಬಾಯಿ ಮುಚ್ಚಿ," ಎಂದ ಮಗ. "ಗಂಜಿ ಹಾಕು."

ಅತ್ತೆಯ ಗರ್ವಕ್ಕೂ ಪೆಟ್ಟು ಬೀಳುವ ಕಾಲ ಬಂತು. ಬೇಲಿ ಹಾಕಿದ ಮೇಲೆ ಹೆಣಿಗೆಯ ಜೊಂಡನ್ನು ಕಂಪನಿಯೇ ಎಲ್ಲಿಂದಲೋ ಲಾರಿಯಲ್ಲಿ ತರಿಸಿ ಕೊಡುತ್ತಿತ್ತು. ಒಣಗಿ ಕಡ್ಡಿಯಾದ ಜೊಂಡು. ಬಗ್ಗಿಸಿದರೆ ಲಟಲಟ ಮುರಿಯುತ್ತಿತ್ತು. ನೀರಲ್ಲಿ ನೆನೆಸಿದರೂ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೂ ಅಷ್ಟೇ. ಅಂಚು ಕಟ್ಟುವಲ್ಲಿ ಎಳೆ ಕಿತ್ತು ಬರುವುದನ್ನು ಕಂಡಾಗಲೆಲ್ಲ ಅವಳ ಕೋಪ ಹೆಚ್ಚುತ್ತಿತ್ತು. ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ತಂತಿಯ ಅಡಿ ನುಸುಳಿದಳು.

ಹಿಡಿದ ಕಾವಲುಗಾರ ಪಕ್ಕದ ಮನೆಯವನು, ಅವಳ ಕಣ್ಣೆದುರೇ ಬೆಳೆದವನು. "ಅಜ್ಜಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ, ಬನ್ನಿ," ಎಂದು ಹಸಿ ಜೊಂಡಿನ ಕಂತೆಯ ಸಮೇತ ಅವಳನ್ನು ದೋಣಿ ನಿಲ್ಲುವ ಕಟ್ಟೆಗೆ ನಡೆಸಿಕೊಂಡು ಬಂದ. ಅತಿಥಿಗಳು ದೋಣಿ ಹತ್ತುವ ಹೊತ್ತು. ಸಕ್ಕರೆ ಮಗನ ಹೆಗಲ ಮೇಲೆ ಕೈ ಇಟ್ಟ.

"ನೀವೇ ಹೇಳಿ, ನಾನೇನು ಮಾಡಲಿ? ಬೇರೆ ಯಾರಾದರೂ ಆಗಿದ್ದರೆ ಕೆಲಸದಿಂದ ತೆಗೀತಿದ್ದೆ. ನಿಮ್ಮ ತಾಯಿ. ನಿಮಗೇ ಬಿಡ್ತೀನಿ."

ಮಗ ತಾಯಿಯ ತಲೆಯ ಮೇಲಿಂದ ಕಂತೆ ಕಿತ್ತುಕೊಂಡು ನೀರಿಗೆ ಎಸೆದ. "ಬುದ್ಧಿ ಇದೆಯಾ ನಿನಗೆ? ನನ್ನ ಕೆಲಸ ಹೋದರೆ ನೀನು ಸಾಕ್ತೀಯಾ?"

"ಇಷ್ಟು ವರ್ಷ ಸಾಕಿದ್ದು ಯಾರೋ?"

"ಸಾಕಿದ್ದು ಸಾಕು. ನಡಿ ಮನೆಗೆ."

ಅತಿಥಿಯೊಬ್ಬ ಫೋಟೋ ತೆಗೆದುಕೊಂಡ. ಅತ್ತೆ ಕುಡುಗೋಲು ಎತ್ತಿಕೊಂಡು ಮನೆಗೆ ನಡೆದಳು.

ಮಧ್ಯಾಹ್ನ ಸೊಸೆ ತಟ್ಟೆ ಹಾಕಿ ಕರೆದಳು. ದನಿ ಎತ್ತಲಿಲ್ಲ. "ಕದ್ದ ಕೈ ತೊಳ್ಕೊಂಡು ಬನ್ನಿ ಅತ್ತೆ. ಬಡಿಸಿದ್ದೀನಿ."

ಅತ್ತೆ ಕೈ ತೊಳೆದು ಬಂದು ಉಂಡಳು. ಹಸಿವಿತ್ತು. ಅನ್ನ ನುಂಗುವಾಗ ಗಂಟಲಿನ ನರ ಎದ್ದು ಕಾಣುತ್ತಿತ್ತು. ಸೊಸೆ ಅದನ್ನು ನೋಡುತ್ತ ಎದುರಿಗೇ ನಿಂತಿದ್ದಳು.

ಮುಂದಿನ ವಾರ ಗಿಣಿಗೆ ಗಂಟಲು ಕಟ್ಟಿತು. ಅವನ ಬದಲು ಮೊಮ್ಮಗಳೇ ಮಾತು ತಿರುಗಿಸಲಿ, ಮನೆಯ ಮಗು, ಇನ್ನೂ ಚೆನ್ನ ಎಂದ ಸಕ್ಕರೆ. ಅತಿಥಿಗಳಲ್ಲಿ ನರೆಗೂದಲಿನ ಹೆಂಗಸೊಬ್ಬಳಿದ್ದಳು. ಚಾಪೆಯನ್ನು ಸವರಿ, ಈ ಜೊಂಡು ಎಲ್ಲಿ ಕೊಯ್ಯುತ್ತೀರಿ ಎಂದು ಕೇಳಿದಳು. ಮೊಮ್ಮಗಳು ಅಜ್ಜಿಗೆ ಹೇಳಿದಳು.

"ಎಲ್ಲಿ ಕೊಯ್ಯೋದು? ಬೇಲಿ ಹಾಕಿದ್ದಾರೆ ಅನ್ನು. ಹುಟ್ಟಿದಾಗಿನಿಂದ ಕೊಯ್ದ ಜಾಗದಲ್ಲಿ ಕಾಲಿಟ್ಟಿದ್ದಕ್ಕೆ ಕಳ್ಳಿ ಹಾಗೆ ನಡೆಸಿಕೊಂಡು ಬಂದರು ಅನ್ನು. ಹೆತ್ತ ಮಗನ ಕೈಯಲ್ಲೇ ನೀರಿಗೆ ಹಾಕಿಸಿದರು. ಈ ಸೂರು ನಿಮಗೋಸ್ಕರ ಹಾಕಿದ್ದು, ಮಳೆ ಬಂದರೆ ಸೋರುತ್ತೆ. ನೀವು ತಿಂತಿರೋದು ನಮ್ಮ ಒಲೇದಲ್ಲ. ಎಲ್ಲ ಹೇಳು."

ಹುಡುಗಿ ಒಂದು ಗಳಿಗೆ ತಡವರಿಸಿದಳು. ಆಮೇಲೆ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಹುರುಪು ಬಂತು. ಸೊಸೆ ಬಡಿಸುವ ನೆಪದಲ್ಲಿ ಬಂದು ಅವಳ ಪಾದ ತುಳಿದಳು, ಹುಡುಗಿ ನಿಲ್ಲಿಸಲಿಲ್ಲ. ನರೆಗೂದಲಿನವಳು ತಟ್ಟೆ ದೂರ ಸರಿಸಿದಳು. ಉಳಿದವರೂ ಸರಿಸಿದರು.  ದೋಣಿಯಲ್ಲಿ ವಾಪಸು ಹೋಗಿ ಕಟ್ಟೆಯಲ್ಲಿ ಇಳಿದವರೇ ಸಕ್ಕರೆಯನ್ನು ಸುತ್ತುಗಟ್ಟಿದರಂತೆ.

ಸಂಜೆ ಸೊಸೆ ಮಗಳ ಬೆನ್ನಿಗೆ ಸೌಟಿನಿಂದ ಬಾರಿಸಿದಳು.

"ಸತ್ಯ ತಾನೆ ಹೇಳಿದ್ದು!" ಎಂದು ಹುಡುಗಿ ಅರಚಿದಳು.

"ಸತ್ಯಾನೇ ಬೇಯಿಸಿಕೊಂಡು ತಿನ್ನು ಇವತ್ತು. ಬೇರೆ ಏನೂ ಇಲ್ಲ."

"ಹೊಡಿ, ಹೊಡಿ," ಎಂದಳು ಅತ್ತೆ. "ಈ ಮನೇಲಿ ಬೆನ್ನುಮೂಳೆ ಇರೋದು ಅದೊಂದಕ್ಕೇ. ಅದನ್ನೂ ಮುರಿ."

"ನೀವು ಮುರಿದಿದ್ದು ಸಾಲದಾ ಅತ್ತೆ? ಬಂದ ಹೊಸದರಲ್ಲಿ ಬಸುರಿ ನಾನು. ಎಲ್ಲರೂ ಉಂಡ ಮೇಲೆ ಮಡಕೆ ಕೆರೆದು ತಿಂದಿದ್ದೀನಿ. ಅವತ್ತು ಈ ಸತ್ಯ ಎಲ್ಲಿ ಹೋಗಿತ್ತು?"

ಅತ್ತೆ ಮೊಮ್ಮಗಳ ಬೆನ್ನು ಸವರಿದಳು. ಮಗ ಗಂಜಿ ಕೇಳಲಿಲ್ಲ, ಹೊರಗೆ ಹೋಗಿ ದೋಣಿಯ ಅಂಚಿನ ಮೇಲೆ ಕೂತ.

ಸಕ್ಕರೆ ಬಂದದ್ದು ಎರಡು ದಿನ ಬಿಟ್ಟು. ಎಲ್ಲರೂ ಕೂಗಾಟ ನಿರೀಕ್ಷಿಸಿದ್ದರು. ಅವನು ಚಹಾ ಕೇಳಿ ಕುಡಿದ, ಲೋಟ ಕೆಳಗಿಟ್ಟ, ನಿಟ್ಟುಸಿರು ಬಿಟ್ಟ.

"ಅಜ್ಜಿಗೆ ವಯಸ್ಸಾಯಿತು. ನಾವೇ ತಪ್ಪು ಮಾಡಿದೆವು, ಅವರಿಂದ ಕೆಲಸ ಮಾಡಿಸಿಕೊಂಡೆವು. ಇನ್ನು ಅವರಿಗೆ ವಿಶ್ರಾಂತಿ ಬೇಕು. ಬಟ್ಟೆ ಒಗೆಯೋ ಕಟ್ಟಡದ ಹಿಂದೆ ನೌಕರರ ಕೋಣೆಗಳಿವೆ, ಸಿಮೆಂಟಿನವು. ನೀವೆಲ್ಲ ಅಲ್ಲೇ ಇರಿ. ಈ ಮನೆ ಹಗಲಿಗೆ ಮಾತ್ರ."

"ಆಗಲ್ಲ ಅಂದರೆ?" ಎಂದ ಮಗ.

"ಆಗಲ್ಲ ಅಂದರೆ ಆಗಲ್ಲ, ಬಲವಂತ ಇಲ್ಲ. ದೋಣಿಗೆ ಬೇರೆ ಜನ ನೋಡ್ತೀವಿ." ಅವನು ಆಗಲೂ ನಗುತ್ತಿದ್ದ. "ಈಗಿನ ತೊಂದರೆ ಅಂದರೆ, ಮನೆ ಅಂದ ಮೇಲೆ ಹಿರಿಯರು ಒಬ್ಬರು ಬೇಕು. ಅತ್ತೆ ಇಲ್ಲದ ಮನೆ ಅತಿಥಿಗಳಿಗೆ ಹಿಡಿಸಲ್ಲ."

ಮಗ ನೆಲ ನೋಡುತ್ತ ಕೂತ. ಸೊಸೆ ಖಾಲಿ ಲೋಟ ಎತ್ತಿಕೊಂಡಳು. ಒಳಗೆ ಹೋಗಬೇಕಾದವಳು ನಿಂತಳು.

"ಅತ್ತೆಯ ತಂಗಿ ಇದ್ದಾರೆ," ಎಂದಳು. "ಆ ದಡದಲ್ಲಿ. ಒಂಟಿ. ಮುಖ ಇದೇ ಥರ."

"ಮಾತು?"

"ಮಾತಿಲ್ಲ. ಯಾರು ಏನಂದರೂ ನಗ್ತಾರೆ."

ಅತ್ತೆ ಒಳಗಿನ ಬಾಗಿಲಲ್ಲಿ ಕಾಣಿಸಿಕೊಂಡಳು. ಎಲ್ಲ ಕೇಳಿಸಿತ್ತು. ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬಂತು ಅನ್ನು."

"ನನ್ನ ಕಾಲ ಏನೂ ಬಂದಿಲ್ಲ ಅತ್ತೆ. ನಿಮ್ಮದು ಹೋಯ್ತು, ಅಷ್ಟೇ."

ಆ ದಡದಿಂದ ಅತ್ತೆಯ ತಂಗಿ, ಮಗನ ಚಿಕ್ಕಮ್ಮ, ಒಂದು ಗಂಟು ಹಿಡಿದು ಬಂದಳು. ಅಕ್ಕನಷ್ಟೇ ಎತ್ತರ, ಅಕ್ಕನದೇ ಮೂಗು, ಆದರೆ ಎಲ್ಲರ ಮುಂದೆ ಸ್ವಲ್ಪ ಬಗ್ಗಿಯೇ ನಿಲ್ಲುವ ದೇಹ. ಗಂಡ ಸತ್ತು, ಮಕ್ಕಳಿಲ್ಲದೆ, ಬಲೆ ರಿಪೇರಿ ಮಾಡಿಕೊಂಡು ದಿನ ದೂಡುತ್ತಿದ್ದವಳು. ಐವರೂ ಸಿಮೆಂಟಿನ ಒಂದೇ ಕೋಣೆಯಲ್ಲಿ ಉಳಿದರು. ಗೋಡೆಯ ಆಚೆ ಬಟ್ಟೆ ಒಗೆಯುವ ಯಂತ್ರಗಳು ಬೆಳಗಿನಿಂದ ಗುಡುಗುಟ್ಟುತ್ತಿದ್ದವು. ಕಿಟಕಿಯಿಂದ ಸೋಪಿನ ಬಿಸಿ ಹಬೆ ಬಂದು ಅನ್ನಕ್ಕೂ ಸೋಪಿನ ವಾಸನೆ ಹತ್ತುತ್ತಿತ್ತು. ಹಗಲೆಲ್ಲ ಅತ್ತೆ ಅಲ್ಲಿ ಒಬ್ಬಳೇ. ಸಂಜೆ ತಂಗಿ ಬಂದು ಗೋಡೆಗೆ ಒರಗಿ ಕಾಲು ಚಾಚುವಳು.

"ನನ್ನ ಜಾಗದಲ್ಲಿ ಕೂತು ಹೇಗಿದೆ?" ಅತ್ತೆ ಒಂದು ದಿನ ಕೇಳಿದಳು.

"ಮಧ್ಯಾಹ್ನ ಬಿಸಿಲು ಬರುತ್ತೆ ಅಕ್ಕ."

"ಹೆಣೆಯೋಕೆ ಬರಲ್ಲವಲ್ಲ ನಿನಗೆ?"

"ನೀನು ಅರ್ಧ ಹೆಣೆದಿದ್ದೆಯಲ್ಲ, ಅದರ ಮೇಲೆ ಕೈ ಆಡಿಸಿದರೆ ಸಾಕು ಅಂದರು. ಅವರಿಗೇನು ಗೊತ್ತಾಗುತ್ತೆ?"

"ನಾಚಿಕೆ ಆಗಲ್ಲವಾ?"

ಚಿಕ್ಕಮ್ಮ ನಿಜವಾಗಿ ಯೋಚಿಸಿದಳು. "ಎರಡು ಹೊತ್ತು ಬಿಸಿ ಊಟ ಸಿಗುತ್ತೆ ಅಕ್ಕ. ಸುತ್ತ ಜನ ಇರ್ತಾರೆ. ಆ ಮನೇಲಿ ನಾನು ಗೋಡೆ ಜೊತೆ ಮಾತಾಡ್ತಿದ್ದೆ. ನೀನು ಒಂದು ದಿನ ಬಂದು ನೋಡಿದೆಯಾ?"

ಅತ್ತೆ ಮುಖ ತಿರುಗಿಸಿದಳು. ತಂಗಿ ಬಡವಿಯಾದ ಮೇಲೆ ಅವಳು ಆ ದಡಕ್ಕೆ ಹೋದದ್ದಿಲ್ಲ ಎಂಬುದು ನಿಜ.

ಹಗಲು ತಮ್ಮ ಹಳೆಯ ಮನೆಯಲ್ಲಿ ಸೊಸೆ ಈಗ ಬೇರೆಯೇ ಹೆಂಗಸು. ಅತಿಥಿಗಳ ಮುಂದೆ ಚಿಕ್ಕಮ್ಮನ ಬೆನ್ನಿಗೆ ದಿಂಬು ಕೊಡುವಳು, ಊಟದ ತುತ್ತು ಆರಿಸಿ ಕೊಡುವಳು, ತಲೆ ಬಾಚುವಳು. ಮೊದಮೊದಲು ಸಕ್ಕರೆ ಹೇಳಿಕೊಟ್ಟಿದ್ದಕ್ಕೆ ಮಾಡುತ್ತಿದ್ದಳು. ಆಮೇಲೆ ಅತಿಥಿಗಳು ಹೋದ ಮೇಲೂ ಮಾಡತೊಡಗಿದಳು. "ಚಿಕ್ಕತ್ತೆ ಒಂದು ದಿನಾನೂ ನನ್ನ ಗದರಲಿಲ್ಲ ಕಣ್ರೀ," ಎಂದಳು ಗಂಡನಿಗೆ. "ನಾನು ಇಂಥವಳು ಅಂತ ನನಗೇ ಗೊತ್ತಿರಲಿಲ್ಲ."

ಕಂಪನಿಯ ಯಜಮಾನರು ಹೊರದೇಶದಿಂದ ಸ್ವತಃ ಬರುವ ದಿನ ಗೊತ್ತಾಯಿತು. ಗುಡಿಸಿದ್ದನ್ನೇ ಗುಡಿಸಿದರು. ಮಗನಿಗೆ ಹೊಸ ಅಂಗಿ ಬಂತು. ಗಿಣಿ ಹೇಳುವುದರ ಜೊತೆಗೆ ಮನೆಯ ಮಗುವೂ ನಾಲ್ಕು ಮಾತಾಡಲಿ ಎಂದು ಸಕ್ಕರೆ ಮೊಮ್ಮಗಳಿಗೆ ವಾರವೆಲ್ಲ ಹೇಳಿಕೊಟ್ಟ. ಯಜಮಾನರು ಮೆಚ್ಚಿದರೆ ಪಟ್ಟಣದ ಶಾಲೆಗೆ ಕಂಪನಿಯೇ ಕಳಿಸುತ್ತದೆ ಎಂದ. ಸೊಸೆ ಮಗಳ ಗಲ್ಲ ಹಿಡಿದು ಎರಡೇ ಮಾತು ಹೇಳಿದಳು: "ಈ ಸಲ ನಿನ್ನ ಬಾಯಿಯಿಂದ ನನ್ನ ಮನೆ ಮುರೀಬೇಡ. ಇಲ್ಲಿಂದ ಆಚೆ ಹೋಗೋ ದಾರಿ ನಿನಗೆ ಇದೊಂದೇ."

ಯಜಮಾನರು ಗಂಡಹೆಂಡತಿ, ಇಬ್ಬರೂ ವಯಸ್ಸಾದವರು, ಸೌಮ್ಯ ಜನ. ಚಪ್ಪಲಿಯನ್ನು ತಾವೇ ಅಂಗಳದಾಚೆ ಬಿಟ್ಟು ಬಂದರು. ಚಿಕ್ಕಮ್ಮನ ಕೈ ಹಿಡಿದು ಮಾತಾಡಿಸಿದರು. ಊಟ ಬಡಿಸುವ ಹೊತ್ತಿಗೆ ಅಂಗಳದ ತುದಿಯಲ್ಲಿ ಅತ್ತೆ ಬಂದು ನಿಂತಳು. ತಲೆ ಬಾಚಿರಲಿಲ್ಲ. ಸೋಪಿನ ಹಬೆಗೆ ಬಟ್ಟೆ ಮೈಗಂಟಿತ್ತು. ಅವಳು ಜಗಳಕ್ಕೆ ಬಂದಂತಿರಲಿಲ್ಲ. ತನ್ನ ಮನೆಯನ್ನು ನೋಡುತ್ತ ನಿಂತಿದ್ದಳು. ಒಲೆ ಕಡೆ, ಮರದ ಕಡೆ, ತಾನು ಅರ್ಧ ಹೆಣೆದು ಬಿಟ್ಟ ಚಾಪೆಯ ಕಡೆ.

ಯಜಮಾನಿತಿ ಏನೋ ಕೇಳಿದಳು. ಸಕ್ಕರೆಯ ನಗು ಅಲುಗಲಿಲ್ಲ. ಅವನು ಸೊಸೆಯ ಕಡೆ ತಿರುಗಿ, "ಯಾರಮ್ಮ ಅವರು?" ಎಂದ.

ದೋಣಿ ಕಟ್ಟುತ್ತಿದ್ದ ಮಗ ಹಗ್ಗ ಹಿಡಿದೇ ತಲೆ ಎತ್ತಿದ. ಚಿಕ್ಕಮ್ಮ ಚಾಪೆಯ ಮೇಲಿನ ಕೈ ನಿಲ್ಲಿಸಿದಳು. ಅತ್ತೆ ಸೊಸೆಯನ್ನೇ ನೋಡಿದಳು.

"ಯಾರೋ ಬೇಡೋಳು," ಎಂದಳು ಸೊಸೆ. "ಊಟದ ಹೊತ್ತಿಗೆ ಬರ್ತಾಳೆ."

ಸಕ್ಕರೆ ಮೊಮ್ಮಗಳ ಬೆನ್ನು ತಟ್ಟಿದ. ಹುಡುಗಿ ಅಜ್ಜಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ ಯಜಮಾನಿತಿಯ ಕಡೆ ತಿರುಗಿ, ಶಾಲೆಯಲ್ಲಿ ಕಲಿಸಿದಂತೆ ಸ್ಪಷ್ಟವಾಗಿ, ಆ ಮಾತನ್ನು ಅವರ ಭಾಷೆಯಲ್ಲಿ ಹೇಳಿದಳು.

ಯಜಮಾನಿತಿ ಎದೆ ಮುಟ್ಟಿಕೊಂಡಳು. ಅವಳಿಗೆ ಮೊದಲು ಬಡಿಸಿ ಎಂದು ಸನ್ನೆ ಮಾಡಿದಳು. ಸೊಸೆ ತಟ್ಟೆಗೆ ಅನ್ನ ಹಾಕಿ, ಮೀನು ಹಾಕಿ, ಅಂಗಳದ ತುದಿಗೆ ಒಯ್ದು ನೆಲದ ಮೇಲಿಟ್ಟಳು. ಅತ್ತೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಉಂಡಳು. ತಟ್ಟೆಯಲ್ಲಿ ಒಂದು ಅಗುಳು ಬಿಡಲಿಲ್ಲ. ಎದ್ದು ನಿಂತು ಎರಡೂ ಕೈ ಎತ್ತಿ, ಬೇಡುವವರ ರಾಗದಲ್ಲೇ ಗಟ್ಟಿಯಾಗಿ ಹೇಳಿದಳು:

"ನಿನ್ನ ಮನೆ ತಣ್ಣಗಿರಲಿ ತಾಯಿ. ನಿನಗೂ ಒಬ್ಬ ಮಗ ಹುಟ್ಟಲಿ, ಸೊಸೆ ಬರಲಿ."

ಸೊಸೆ ಬಗ್ಗಿ ತಟ್ಟೆ ಎತ್ತಿಕೊಂಡಳು.

ಅತ್ತೆ ನೆಟ್ಟಗೆ ಕಟ್ಟೆಗೆ ಹೋದಳು. "ಆ ದಡಕ್ಕೆ ಬಿಡು," ಎಂದಳು ಮಗನಿಗೆ.

"ಈಗ ಹೇಗಮ್ಮ? ಯಜಮಾನರು ಇದ್ದಾರೆ. ದೋಣಿ ಬಿಡೋ ಹಾಗಿಲ್ಲ. ಸಂಜೆ ತನಕ..."

"ಬೇಡೋರಿಗೆ ದೋಣಿ ಯಾತಕ್ಕೆ. ಕಾಲಿದೆ," ಎಂದು ಕೆರೆಯ ಏರಿ ಹಿಡಿದು ನಡೆದಳು. ಮಗ ಹಗ್ಗ ಹಿಡಿದೇ ನಿಂತಿದ್ದ, ಅವಳು ತಿರುವಿನಲ್ಲಿ ಮರೆಯಾಗುವವರೆಗೂ.

ತಂಗಿಯ ಖಾಲಿ ಮನೆಯಲ್ಲಿ ಅವಳು ಒಲೆ ಹೂಡಿದಳು. ಆ ದಡಕ್ಕೆ ಇನ್ನೂ ಬೇಲಿ ಬಂದಿರಲಿಲ್ಲ. ಹಸಿ ಜೊಂಡು ಕೊಯ್ದು ಚಾಪೆ ಹೆಣೆದು ಸಂತೆಗೆ ಹಾಕಿದಳು. ಮಗ ರಜೆಯ ದಿನ ಅಕ್ಕಿ ಹೊತ್ತು ಹೋದರೆ ಬಾಗಿಲು ತೆರೆಯಲಿಲ್ಲ. ಅಕ್ಕಿ ಚೀಲ ಹೊಸ್ತಿಲಲ್ಲೇ ಉಳಿದು ಕೋಳಿಗಳ ಪಾಲಾಯಿತು. ಚಿಕ್ಕಮ್ಮ ಅಳುತ್ತ ಹೋದಾಗ ಒಳಗಿನಿಂದಲೇ, "ನಿನ್ನ ಮನೆ ನಾನು ಕಸಿದುಕೊಂಡಿಲ್ಲ, ಅದಲುಬದಲು ಮಾಡಿಕೊಂಡಿದ್ದೀವಿ. ಹೋಗು," ಎಂದಳು.

ಮೊಮ್ಮಗಳು ಒಂದು ಭಾನುವಾರ ಯಾರಿಗೂ ಹೇಳದೆ ಏರಿಯ ಮೇಲೆ ನಡೆದು ಹೋದಳು. ತನ್ನ ಪಾಲಿನ ಮೀನನ್ನು ಡಬ್ಬಿಯಲ್ಲಿ ಹಾಕಿಕೊಂಡಿದ್ದಳು. ಅಜ್ಜಿ ಅಂಗಳದಲ್ಲೇ ಇದ್ದಳು. ಹುಡುಗಿಯ ಮುಖವನ್ನು ನಿಧಾನವಾಗಿ ನೋಡಿದಳು.

"ನೀನು ಯಾರ ಮನೆ ಮಗು?" ಎಂದಳು.

"ಅಜ್ಜಿ, ನಾನು."

"ಯಾರೋ ಇರಬೇಕು. ದಾರಿ ತಪ್ಪಿ ಬಂದಿದ್ದೀಯ. ಬಿಸಿಲು ಏರೋದರೊಳಗೆ ಹೋಗು. ನಿಮ್ಮ ಅಜ್ಜಿ ಕಾಯ್ತಿರ್ತಾರೆ."

ಹುಡುಗಿ ಅತ್ತು ಕರೆದು ಕಾಲು ಹಿಡಿದಳು. ಮುದುಕಿ ಕಾಲು ಬಿಡಿಸಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು. ಕಣ್ಣು ಊದಿಸಿಕೊಂಡು ಬಂದ ಮಗಳನ್ನು ಸೊಸೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಡಬ್ಬಿ ತೆರೆದು ನೋಡಿ, ಹಳಸಿದ ಮೀನನ್ನು ಚೆಲ್ಲಿ, ತೊಳೆದಿಟ್ಟಳು.

ಮಳೆ ಶುರುವಾದ ಮೇಲೆ ಅತ್ತೆಗೆ ಜ್ವರವೆಂದು ಸುದ್ದಿ ಬಂತು. ಚಿಕ್ಕಮ್ಮ ಹೋಗಿ ನೋಡಿ ಬರುತ್ತೇನೆಂದಳು. ಅತಿಥಿಗಳ ಮೇಲೆ ಅತಿಥಿಗಳು, ಸಕ್ಕರೆ ಬಿಡಲಿಲ್ಲ. ಮಗ ವೈದ್ಯರನ್ನು ಕರೆದುಕೊಂಡು ಹೋದ. ಅಂದು ಬಾಗಿಲು ತೆರೆದಿತ್ತು. ಮುಚ್ಚಲು ಅವಳಿಗೆ ಶಕ್ತಿ ಇರಲಿಲ್ಲ.

ಒಂದು ಬೆಳಿಗ್ಗೆ ಆ ದಡದ ಮೀನುಗಾರನೊಬ್ಬ ಕಟ್ಟೆಗೆ ಬಂದು ಮಗನನ್ನು ಪಕ್ಕಕ್ಕೆ ಕರೆದ. ಮಗ ಅಲ್ಲೇ ನೆಲಕ್ಕೆ ಕೂತ. ಡಬ್ಬಿಗಳ ಜೊತೆ ಬರುತ್ತಿದ್ದ ಸೊಸೆಗೆ, "ಅಮ್ಮ ಹೋದಳು," ಎಂದ.  ಸೊಸೆ ಡಬ್ಬಿ ಇಳಿಸಿ ಸಕ್ಕರೆಯ ಕೋಣೆಗೆ ಹೋದಳು.

"ನಮಗೆ ಇವತ್ತು ರಜೆ ಬೇಕು. ನಮ್ಮತ್ತೆ ತೀರಿಕೊಂಡರು."

ಸಕ್ಕರೆ ಗಾಬರಿಯಿಂದ ಎದ್ದ. "ಅಯ್ಯೋ, ಯಾವಾಗ? ಈಗ ತಾನೆ ಮರದ ಕೆಳಗೆ ಕೂತಿದ್ದರಲ್ಲ!"

"ಅವರಲ್ಲ. ಅತ್ತೆ."

"ಓ," ಎಂದು ಅವನು ಉಸಿರು ಬಿಟ್ಟು ಕುರ್ಚಿಗೆ ಒರಗಿದ. "ಮೊದಲಿನವರಾ?"

ಸೊಸೆ ತಲೆಯಾಡಿಸಿದಳು.

"ತುಂಬಾ ಬೇಜಾರಾಯಿತು ತಾಯಿ. ಆದರೆ ದೊಡ್ಡ ಗುಂಪು ಬಂದು ನಿಂತಿದೆ. ಈ ಒಂದು ಗುಂಪು ಮುಗಿಸಿ ಹೋಗಿ, ನಾನೇ ಗಾಡಿ ಕೊಡ್ತೀನಿ. ಹೋದವರಿಗೆ ಇನ್ನೇನು ಅವಸರ?" ಬಾಗಿಲವರೆಗೆ ಬಂದು ದನಿ ತಗ್ಗಿಸಿದ. "ಮುಖ ತೊಳೆದುಕೊಳ್ಳಿ."

ಅವಳ ಮುಖ ಒಣಗಿಯೇ ಇತ್ತು. ಆದರೂ ತೊಳೆದುಕೊಂಡಳು. ಕಟ್ಟೆಯಲ್ಲಿ ಗಂಡ ಹಸಿರು ಅಂಗಿಯ ಗುಂಡಿ ಹಾಕಿಕೊಂಡು ಅತಿಥಿಗಳನ್ನು ಕೈ ಹಿಡಿದು ದೋಣಿಗೆ ಇಳಿಸಿಕೊಳ್ಳುತ್ತಿದ್ದ. ಇವಳ ಕಡೆ ನೋಡಲಿಲ್ಲ. ಇವಳು ದಡದ ದಾರಿಯಲ್ಲಿ ಬೇಗ ಬೇಗ ನಡೆದು ಮನೆ ಸೇರಿ ಮಡಕೆಗೆ ಊಟ ಸುರಿದು ಒಲೆ ಹೊತ್ತಿಸಿದಳು.

ಮರದ ಕೆಳಗಿನಿಂದ ಚಿಕ್ಕಮ್ಮ ಕೂಗಿದಳು. "ಆ ದಡದವನು ಬಂದಿದ್ದನಂತಲ್ಲ, ಕಾವಲುಗಾರ ಅಂದ. ಅಕ್ಕ ಹೇಗಿದ್ದಾಳಂತೆ?"

ದೋಣಿ ದಡಕ್ಕೆ ತಾಗಿತು. ಅತಿಥಿಗಳ ನಗು, ಗಿಣಿಯ ದನಿ. ಮೊದಲಿನವರು ಆಗಲೇ ಚಪ್ಪಲಿ ಬಿಡುತ್ತಿದ್ದರು.

ಸೊಸೆ ದಿಂಬು ತಂದು ಚಿಕ್ಕಮ್ಮನ ಬೆನ್ನಿಗೆ ಇಟ್ಟಳು. ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸವರಿದಳು.

"ಜ್ವರ ಬಿಟ್ಟಿದೆಯಂತೆ," ಎಂದಳು. "ಬೆಳಿಗ್ಗೆ ಎದ್ದು ಕೂತು ಗಂಜಿ ಕುಡಿದರಂತೆ."

"ಹೌದಾ!" ಎಂದಳು ಚಿಕ್ಕಮ್ಮ. "ನಿನ್ನನ್ನೂ ಕೇಳಿದಳಂತಾ?"

"ಕೇಳಿದರಂತೆ."

ಚಿಕ್ಕಮ್ಮನ ಮುಖವೆಲ್ಲ ನಗುವಾಯಿತು. ಆ ನಗು ಹೊತ್ತೇ ಅವಳು ಅಂಗಳಕ್ಕೆ ಕಾಲಿಟ್ಟ ಅತಿಥಿಗಳ ಕಡೆ ತಿರುಗಿದಳು.